ಹೂವಿಲ್ಲದ ವಾರವನ್ನೂ ಬರೆದಿಡಿ

"ಈ ಸಲ ಮಾವು ಬೇಗ ಹೂ ಬಿಟ್ಟಿತು", "ಕೋಗಿಲೆ ಯಾಕೋ ತಡವಾಗಿ ಕೂಗ್ತಿದೆ." ತೋಟದ ಮನೆಯಲ್ಲಿ ಇರುವವರ ಬಾಯಲ್ಲಿ ಈ ಮಾತು ಪ್ರತಿ ವರ್ಷ ಬರುತ್ತದೆ. ಹೋದ ವರ್ಷ ಯಾವ ತಾರೀಖಿಗೆ ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಫೋನಿನಲ್ಲಿ ಫೋಟೊ ಸಿಗಬಹುದು, ಆದರೆ ಅದು ಮರ ತುಂಬಾ ಹೂವಿದ್ದ ದಿನದ್ದು. ಮೊದಲ ಹೂ ಅರಳಿದ ದಿನ ಯಾರೂ ಫೋಟೊ ತೆಗೆದಿರುವುದಿಲ್ಲ. ಮನೆ ಸುತ್ತ ಮರ, ಹಕ್ಕಿ ಇರುವವರು ಒಂದು ನೋಟ್‌ಬುಕ್ ಇಡಲೇಬೇಕು, ಅದರಲ್ಲಿ ಕಂಡದ್ದರ ಜೊತೆಗೆ ಕಾಣದ್ದನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಣದ್ದನ್ನು ಯಾಕೆ ಬರೆಯಬೇಕು? ಮಾರ್ಚ್ 10ಕ್ಕೆ "ಹೊಂಗೆ ಹೂ" ಅಂತ ಬರೆದಿದ್ದೀರಿ, ಅದಕ್ಕೂ ಹಿಂದೆ ಆ ಮರದ ಬಗ್ಗೆ ಬರೆದದ್ದು ಫೆಬ್ರವರಿ 15ಕ್ಕೆ ಅಂತಿಟ್ಟುಕೊಳ್ಳಿ. ನಡುವಿನ 23 ದಿನಗಳಲ್ಲಿ ಯಾವತ್ತಾದರೂ ಹೂ ಶುರುವಾಗಿರಬಹುದು. ಮಾರ್ಚ್ 3ಕ್ಕೆ "ಹೂ ಇಲ್ಲ" ಎಂಬ ಒಂದು ಸಾಲು ಇದ್ದಿದ್ದರೆ ಅನುಮಾನ 7 ದಿನಕ್ಕೆ ಇಳಿಯುತ್ತಿತ್ತು. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಏನೂ ಬದಲಾಗದಿದ್ದರೂ ಅವತ್ತು ಬರೆದರೆ ಸಾಕು.

ಮೂರೋ ನಾಲ್ಕೋ ಮರ ಆರಿಸಿಕೊಳ್ಳಿ. "ಮಾವು" ಅಂತ ಬರೆದರೆ ಸಾಲದು, "ಬಾವಿ ಪಕ್ಕದ ಮಾವು" ಅಂತ ಬರೆಯಬೇಕು, ವರ್ಷ ವರ್ಷವೂ ಅದೇ ಮರವನ್ನೇ ನೋಡಬೇಕು. ಬಚ್ಚಲ ನೀರು ಹರಿಯುವ ಕಡೆ ಇರುವ ಮರ ಬೇಡ. ಅದಕ್ಕೆ ಬೇಸಿಗೆಯಲ್ಲೂ ನೀರಿನ ಕೊರತೆ ಇರುವುದಿಲ್ಲ, ಹಾಗಾಗಿ ಹೊರಗಿನ ಋತುವಿನ ಲೆಕ್ಕಕ್ಕೆ ಅದು ಸರಿಯಾಗಿ ಸಿಗುವುದಿಲ್ಲ. ಇತ್ತೀಚೆಗೆ ಕೊಂಬೆ ಕಡಿಸಿದ ಮರವೂ ಬೇಡ, ಕಡಿದ ಜಾಗದಲ್ಲಿ ಅಕಾಲದಲ್ಲಿ ಚಿಗುರುತ್ತದೆ. ಪುಟದಲ್ಲಿ ಆರು ಕಾಲಮ್ ಹಾಕಿ: ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು. ಪ್ರತಿಯೊಂದಕ್ಕೂ 0, 1 ಅಥವಾ 2. ಏನೂ ಇಲ್ಲದಿದ್ದರೆ 0, ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ 1, ಹೆಚ್ಚಿದ್ದರೆ 2. ಇದಕ್ಕಿಂತ ಸೂಕ್ಷ್ಮವಾಗಿ ಅಳೆಯಲು ಹೋದರೆ ಇವತ್ತಿನ ಅಂದಾಜಿಗೂ ನಾಳೆಯ ಅಂದಾಜಿಗೂ ತಾಳೆಯಾಗುವುದಿಲ್ಲ. ಮರದ ಸುತ್ತ ಒಂದು ಸುತ್ತು ಹಾಕಿಯೇ ಅಂಕ ಕೊಡಿ. ಮಾವಿನಲ್ಲಿ ಒಂದು ಕೊಂಬೆ ಕೆಂಪಗೆ ಚಿಗುರಿದ್ದರೆ ಪಕ್ಕದ ಕೊಂಬೆ ಹೂ ಬಿಟ್ಟಿರುತ್ತದೆ, ಅಂಗಳದಲ್ಲೇ ನಿಂತು ನೋಡಿದವರಿಗೆ ಅರ್ಧ ಮರ ಮಾತ್ರ ಗೊತ್ತಾಗುತ್ತದೆ.

ಹೊಂಗೆ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹೋದ ವರ್ಷದ ಒಣ ಕಾಯಿ ಹೊಸ ಹೂ ಬರುವವರೆಗೂ ಉದುರದೆ ನಿಂತಿರಬಹುದು. ಅದನ್ನು ಈ ವರ್ಷದ ಕಾಯಿ ಅಂತ ಬರೆದರೆ ಹೂವಿಗಿಂತ ಮೊದಲು ಕಾಯಿ ಬಂದ ಹಾಗಾಗುತ್ತದೆ! ಕಂದು ಬಣ್ಣದ, ಗಟ್ಟಿ ಸಿಪ್ಪೆಯ ಕಾಯಿಗೆ "ಹಳೆಯದು" ಅಂತ ಗುರುತು ಹಾಕಿ. ಆಲ, ಅತ್ತಿಗಳ ಹೂ ಕಾಯಿಯಂಥ ಬುರುಡೆಯೊಳಗೇ ಇರುವುದರಿಂದ ಹೂವಿನ ಕಾಲಮ್ ಖಾಲಿ ಬಿಟ್ಟು ಹಸಿರು ಕಾಯಿ, ಹಣ್ಣು ಅಷ್ಟನ್ನೇ ಬರೆಯಿರಿ.

ಹೂವಿನ ತಾರೀಖಿನ ಪಕ್ಕದಲ್ಲಿ ಮಳೆ ಲೆಕ್ಕ ಇಲ್ಲದಿದ್ದರೆ ಆ ದಾಖಲೆ ಅರ್ಧವೇ. ಕಾಫಿ ಗಿಡವನ್ನೇ ನೋಡಿ. ಒಣಹವೆಯಲ್ಲಿ ಮೊಗ್ಗು ಹಾಗೇ ತಡೆದು ನಿಂತಿರುತ್ತದೆ, ಒಂದು ಒಳ್ಳೆ ಮಳೆ ಬಿದ್ದ ಸುಮಾರು 9-10 ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಅಲ್ಲಿ ಹೂವಿನ ದಿನವನ್ನು ನಿರ್ಧರಿಸುವುದು ಮಳೆ ಬಿದ್ದ ದಿನ. ಮಳೆ ಅಳೆಯಲು ಅಡಿಯಿಂದ ಮೇಲಿನವರೆಗೂ ಒಂದೇ ಅಗಲ ಇರುವ ಪ್ಲಾಸ್ಟಿಕ್ ಬಾಟಲಿ ಸಾಕು. ಕುತ್ತಿಗೆಯ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿ. ಒಳಗಿನ ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅದು ಮುಳುಗುವಷ್ಟು ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಗೆರೆ ಎಳೆದು, ಮೇಲಕ್ಕೆ ಮಿಲಿಮೀಟರ್ ಸ್ಕೇಲ್ ಅಂಟಿಸಿ. ಮರ ಅಥವಾ ಗೋಡೆಯಿಂದ ಅದರ ಎತ್ತರದ ಎರಡರಷ್ಟು ದೂರದಲ್ಲಿ, ಬೀಳದ ಹಾಗೆ ನಿಲ್ಲಿಸಿ. ಸೂರಿನ ನೀರು ಸಿಡಿದರೆ ಲೆಕ್ಕ ಕೆಡುತ್ತದೆ. ದಿನಾ ಬೆಳಿಗ್ಗೆ 8.30ಕ್ಕೆ ಓದಿ, ನೀರನ್ನು ಸೊನ್ನೆ ಗೆರೆಗೆ ತಂದಿಡಿ. ಹವಾಮಾನ ಇಲಾಖೆಯ ಮಳೆ ದಿನದ ಲೆಕ್ಕವೂ ಅದೇ ಹೊತ್ತಿಗೆ ಮುಗಿಯುತ್ತದೆ.

ಇನ್ನು ಹಕ್ಕಿ. ಬೇಸಿಗೆಯ ಹೊತ್ತಿಗೆ "ಕೋಗಿಲೆ ಬಂತು" ಅನ್ನುತ್ತೇವೆ. ಅದು ಎಲ್ಲಿಗೂ ಹೋಗಿರಲಿಲ್ಲ. ಚಳಿಗಾಲದಲ್ಲಿ ಸದ್ದಿಲ್ಲದೆ ಆಲ, ಅತ್ತಿ ಹಣ್ಣು ತಿನ್ನುತ್ತಾ ಎಲೆಮರೆಯಲ್ಲೇ ಇರುತ್ತದೆ. ಕೂಗಿಲ್ಲದಿದ್ದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲೂ ಮೈಯೆಲ್ಲ ಚುಕ್ಕೆಯಿರುವ ಹೆಣ್ಣನ್ನು ಕೋಗಿಲೆ ಅಂತ ಗುರುತಿಸುವವರೇ ಕಡಿಮೆ. ಮಡಿವಾಳ ಹಕ್ಕಿಯೂ ಹಾಗೆಯೇ, ವರ್ಷವಿಡೀ ಅಂಗಳದಲ್ಲೇ ಇದ್ದು ಮರಿ ಮಾಡುವ ಕಾಲಕ್ಕೆ ಹಾಡು ಶುರು ಮಾಡುತ್ತದೆ. ಆದ್ದರಿಂದ "ಕಂಡದ್ದು", "ಕೂಗಿದ್ದು" ಎರಡಕ್ಕೂ ಬೇರೆ ಬೇರೆ ಕಾಲಮ್ ಬೇಕು. ನಿಜವಾಗಿ ವಲಸೆ ಬರುವುದು ಬೂದು ಸಿಪಿಲೆಯಂಥ ಹಕ್ಕಿ. ಬೆನ್ನು ಬೂದು, ಹೊಟ್ಟೆ ಹಳದಿ, ನೀರಿನ ಅಂಚಿನಲ್ಲಿ ಉದ್ದ ಬಾಲ ಕುಣಿಸುತ್ತಾ ಓಡಾಡುತ್ತದೆ. ಕಪ್ಪು-ಬಿಳಿ ಬಣ್ಣದ, ಬಿಳಿ ಹುಬ್ಬಿನ ಸಿಪಿಲೆ ವರ್ಷವಿಡೀ ಇಲ್ಲೇ ಇರುವಂಥದ್ದು. ಎರಡನ್ನೂ ಬರೀ "ಸಿಪಿಲೆ" ಅಂತ ಬರೆದರೆ ವಲಸೆಯ ತಾರೀಖೇ ಕಳೆದುಹೋಗುತ್ತದೆ. ಬಂದ ದಿನ ಹೊಸದಾಗಿ ಕಂಡದ್ದರಿಂದ ಹೇಗೋ ಗಮನಕ್ಕೆ ಬರುತ್ತದೆ. ಹೋದ ದಿನ ತಿಳಿಯಬೇಕಾದರೆ ನಂತರದ ವಾರಗಳಲ್ಲೂ "ಸಿಪಿಲೆ 0" ಅಂತ ಬರೆಯುತ್ತಾ ಹೋಗುವುದೊಂದೇ ದಾರಿ. ಹಕ್ಕಿ ನೋಡುವುದಕ್ಕೆ ಬೆಳಗಾದ ಮೊದಲ ಗಂಟೆಯೊಳಗೆ, ಒಂದೇ ಜಾಗದಲ್ಲಿ 15 ನಿಮಿಷ. ಒಂದು ದಿನ 15 ನಿಮಿಷ, ಇನ್ನೊಂದು ದಿನ ಎರಡು ಗಂಟೆ ನೋಡಿ, ಎರಡನೆಯ ದಿನ ಹಕ್ಕಿ ಹೆಚ್ಚಿತ್ತು ಅನ್ನುವುದರಲ್ಲಿ ಅರ್ಥವಿಲ್ಲ.

ಗೂಡಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪಿಕಳಾರದ ಗೂಡಿನೊಳಕ್ಕೆ ಫೋನ್ ಹಿಡಿದು ಮೊಟ್ಟೆಯ ಫೋಟೊ ತೆಗೆಯಬೇಡಿ. ನೀವು ಪದೇಪದೇ ಹೋಗಿ ಬಂದ ಕಡೆ ಕಾಗೆ, ಬೆಕ್ಕಿನ ಕಣ್ಣು ಬೀಳುತ್ತದೆ, ತಾಯಿಹಕ್ಕಿ ಗೂಡು ಬಿಟ್ಟೇ ಹೋಗಬಹುದು. ದೂರದಿಂದಲೇ ನೋಡಿ ಬರೆಯುವುದಕ್ಕೆ ಗೀಜಗ ಬೇಕಾದಷ್ಟು ಕೊಡುತ್ತದೆ. ಬೇರೆ ಕಾಲದಲ್ಲಿ ಗುಬ್ಬಿಯ ಹಾಗೆ ಕಾಣುವ ಗಂಡಿಗೆ ಮಳೆಗಾಲದ ಹೊತ್ತಿಗೆ ನೆತ್ತಿ ಹಳದಿಯಾಗುತ್ತದೆ. ಆ ವಾರವನ್ನು ಗುರುತಿಸಿ. ಗೂಡು ತಲೆಗವಸಿನ ಆಕಾರಕ್ಕೆ ಬಂದಾಗ ಕೆಲಸ ನಿಲ್ಲುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಮಾತ್ರ ಕೆಳಗಿನ ಉದ್ದ ಕೊಳವೆ ಕಟ್ಟುವುದು. ಕೊಳವೆಯಿಲ್ಲದ ಗೂಡೆಷ್ಟು, ಕೊಳವೆಯಿರುವ ಗೂಡೆಷ್ಟು ಅಂತ ವಾರವಾರ ಎಣಿಸಿದರೆ ಆ ವರ್ಷದ ಸಂಸಾರಗಳ ಅಂದಾಜು ಸಿಗುತ್ತದೆ.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ಇಂಥ ಪಟ್ಟಿ ಶುರು ಮಾಡಿದ. ಟರ್ನಿಪ್ ಹೂ ಬಿಟ್ಟಿದ್ದು, ಕಪ್ಪೆ ವಟಗುಟ್ಟಿದ್ದು, ಮರ ಎಲೆ ಬಿಚ್ಚಿದ್ದು, ಹೀಗೆ ತೀರಾ ಸಾಮಾನ್ಯ ಸಂಗತಿಗಳು. ಅವನ ಮನೆತನದವರು 1958ರವರೆಗೂ ಅದನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವಿನ ದಾಖಲೆ 812ರಿಂದ ಸಿಗುತ್ತದೆ. 2021ರ ಮಾರ್ಚ್ 26ರಂದು ಹೂ ತುಂಬಿದಾಗ ಸಾವಿರದ ಇನ್ನೂರು ವರ್ಷಗಳಲ್ಲೇ ಬೇಗ ಅಂತ ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಅದರಿಂದಲೇ.

ಬರೆಯುವುದಕ್ಕೆ ಪೆನ್ಸಿಲ್ ವಾಸಿ, ಮಳೆನೀರು ತಾಗಿದರೂ ಅಕ್ಷರ ಕದಡುವುದಿಲ್ಲ. ಪ್ರತಿ ಪುಟದ ಮೇಲೆ ಇಸವಿ ಹಾಕಿ. ಗುರುತು ಖಾತ್ರಿಯಿಲ್ಲದ ಹಕ್ಕಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬಾಲ, ಕೊಕ್ಕು, ಕೂಗು ಹೇಗಿತ್ತು ಅಂತ ಎರಡು ಸಾಲು ಬರೆಯಿರಿ. ವಾರ ತಪ್ಪಿದರೆ "ನೋಡಿಲ್ಲ" ಅಂತಲೇ ಬರೆಯಿರಿ. ಅಲ್ಲಿ ಸೊನ್ನೆ ಹಾಕಬೇಡಿ, ನೆನಪಿನಿಂದಲೂ ತುಂಬಬೇಡಿ.