ಹಲ್ಲುಜ್ಜುವ ಕೈ ಬದಲಿಸಿ ನೋಡಿ

ಮತ್ತೆ ಬಂದಿದೆ. ದಿನಾ ಅದೇ ಕೆಲಸ, ಅದೇ ಮುಖ, ಬೇಜಾರಾಗಿದೆಯಾ, ಕಾಸು ಬಿಚ್ಚದೆ ಅದನ್ನು ಓಡಿಸೋದು ಹೇಗೆ ಅನ್ನುವ ಆ ಪಟ್ಟಿ. ನಿಮಗೂ ಯಾರಾದರೂ ಕಳಿಸಿಯೇ ಇರುತ್ತಾರೆ. ಕಳಿಸಿದವರು ಓದಿರುವುದಿಲ್ಲ, ಆ ಮಾತು ಬೇರೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನೋ ಹಾಗೆ ಪ್ರತಿ ಸಲವೂ ಅವೇ ಸಲಹೆಗಳು. ಕೆಲಸಕ್ಕೆ ಬೇರೆ ದಾರಿಯಲ್ಲಿ ಹೋಗಿ. ಕುರ್ಚಿ ಮೇಜು ಆಚೀಚೆ ಸರಿಸಿ. ಹಳೇ ಗೆಳೆಯರಿಗೆ ಫೋನ್ ಮಾಡಿ. ಮೋಡ ನೋಡಿ. ಎಡಗೈಯಲ್ಲಿ ಹಲ್ಲುಜ್ಜಿ. ಬದುಕಿನಲ್ಲಿ ಹೊಸತು ಬೇಕು ಅಂತ ಇಷ್ಟು ವರ್ಷದಿಂದ ಸಾರುತ್ತಿರುವವರಿಗೆ ಒಂದು ಹೊಸ ಸಲಹೆ ಮಾತ್ರ ಸಿಕ್ಕಿಲ್ಲ.

ಮೋಡದ ಬಗ್ಗೆ ನನ್ನ ತಕರಾರಿಲ್ಲ. ಆ ಹಲ್ಲುಜ್ಜುವ ವಿಷಯ ಇದೆಯಲ್ಲ, ಅದನ್ನು ಬರೆದವರು ಒಮ್ಮೆಯಾದರೂ ಮಾಡಿ ನೋಡಿದ್ದಾರಾ ಅಂತ ನನಗೆ ಅನುಮಾನ. ಎಡಗೈಗೆ ಬ್ರಷ್ ಕೊಟ್ಟರೆ ಬ್ರಷ್ ಅಲುಗಾಡುವುದಿಲ್ಲ, ತಲೆ ಅಲುಗಾಡುತ್ತದೆ. ಕೈ ಒಂದೇ ಕಡೆ ಮರಗಟ್ಟಿ ನಿಂತಿರುತ್ತದೆ, ಮುಖ ಅದರ ಸುತ್ತ ಓಡಾಡುತ್ತದೆ. ಎರಡು ಸಲ ವಸಡಿಗೆ ತಿವಿಯುತ್ತದೆ, ಒಂದು ಸಲ ಕೆನ್ನೆಗೆ. ನೊರೆ ಮಣಿಕಟ್ಟಿನಿಂದ ಇಳಿದು ಮೊಣಕೈವರೆಗೆ ಬಂದು, ಅಲ್ಲಿ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಪಾದದ ಮೇಲೆ ಬೀಳುತ್ತದೆ. ಕನ್ನಡಿ ತುಂಬ ಬಿಳಿ ಚುಕ್ಕಿ. ಬಾಗಿಲ ಆಚೆ ‘ಇನ್ನೂ ಆಗ್ಲಿಲ್ವಾ?’ ಅನ್ನುವ ಕೂಗು. ಬೇಜಾರು ಹೋಯಿತಾ? ಹೋಯಿತು, ಸುಳ್ಳು ಯಾಕೆ ಹೇಳಬೇಕು. ಆ ಜಾಗಕ್ಕೆ ಸಿಟ್ಟು ಬಂದು ಕೂತಿತು. ಕನ್ನಡಿ ಒರೆಸುವ ಕೆಲಸ ಬೇರೆ ಸೇರಿತು. ಎಡಚರು ಏನು ಮಾಡಬೇಕು ಅಂತ ಪಟ್ಟಿಯಲ್ಲಿ ಇರುವುದಿಲ್ಲ. ಅವರ ಬದುಕಿನಲ್ಲಿ ಬೇಜಾರೇ ಇಲ್ಲ ಅಂತ ಲೆಕ್ಕ ಇರಬೇಕು.

ಇನ್ನು ಆ ‘ಪುಕ್ಕಟೆ’. ಅದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಡಿಗೆ ಪುಕ್ಕಟೆ. ಆದರೆ ಇದ್ದ ಚಪ್ಪಲಿಯಲ್ಲಿ ನಡೆದರೆ ಮಂಡಿ ಹೋಗುತ್ತದಂತೆ, ಒಳ್ಳೇ ಶೂ ಬೇಕು. ಶೂ ಬಂದ ಮೇಲೆ ಎಷ್ಟು ಹೆಜ್ಜೆ ಆಯ್ತು ಅಂತ ಗೊತ್ತಾಗಬೇಡವಾ? ಅದಕ್ಕೊಂದು ವಾಚು. ಸುಮ್ನೆ ಕೂತು ಉಸಿರು ಗಮನಿಸಿ ಅನ್ನುತ್ತಾರೆ. ಉಸಿರೂ ಸದ್ಯಕ್ಕೆ ಪುಕ್ಕಟೆಯೇ. ಅದನ್ನು ಗಮನಿಸೋಕೆ ಕಲಿಸುವ ಆ್ಯಪ್‌ಗೆ ಮೊದಲ ವಾರ ದುಡ್ಡಿಲ್ಲ, ಆಮೇಲೆ ತಿಂಗಳ ಚಂದಾ. ಚಂದಾ ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ಹುಡುಕುವುದರಲ್ಲಿ ಒಂದಿಡೀ ಸಂಜೆ ಹೋಗುತ್ತದೆ. ಹೊತ್ತು ಹೋಗಲಿ ಅಂತ ತಾನೇ ಶುರು ಮಾಡಿದ್ದು! 2015ರ ಸುಮಾರಿಗೆ ದೊಡ್ಡವರೆಲ್ಲ ಬಣ್ಣ ತುಂಬುವ ಪುಸ್ತಕ ಕೊಂಡರು. 2017ರಲ್ಲಿ ಬೆರಳ ತುದಿಯಲ್ಲಿ ಗಿರಗಿರ ತಿರುಗುವ ಸ್ಪಿನ್ನರ್ ಕೊಂಡರು. ಅದು ಈಗ ಎಲ್ಲಿದೆ ಅಂತ ಕೇಳಬೇಡಿ. ಮೇಜಿನ ಡ್ರಾಯರ್ ಎಳೆದರೆ ಸತ್ತ ಬ್ಯಾಟರಿಯ ಪಕ್ಕದಲ್ಲಿ ಸಿಗುತ್ತದೆ.

ಈ ವ್ಯಾಪಾರದಲ್ಲಿ ನಾನು ಕೈಮುಗಿಯುವುದು ಒಬ್ಬನಿಗೆ ಮಾತ್ರ. ಅಮೆರಿಕದ ಗ್ಯಾರಿ ಡಾಲ್. ಜಾಹೀರಾತು ಬರೆಯುವವನು. 1975ರಲ್ಲಿ ಅವನು ಕಲ್ಲು ಮಾರಿದ. ವಜ್ರ ಅಲ್ಲ, ಅದೃಷ್ಟದ ಹರಳೂ ಅಲ್ಲ, ನುಣ್ಣಗಿನ ಮಾಮೂಲಿ ಕಲ್ಲು. ಸಾಕುಪ್ರಾಣಿ ಅಂತ ಹೆಸರಿಟ್ಟು, ಗಾಳಿಯಾಡಲು ತೂತು ಕೊರೆದ ಡಬ್ಬಿಯಲ್ಲಿ, ಮೆತ್ತನೆ ಹಾಸಿನ ಮೇಲೆ ಮಲಗಿಸಿ ಕೊಟ್ಟ. ಜೊತೆಗೆ ಸಾಕುವ ವಿಧಾನದ ಪುಸ್ತಿಕೆ. ‘ಕೂತ್ಕೋ’ ಅಂದರೆ ಕೂರುತ್ತದೆ, ಅಲ್ಲೇ ಇರು ಅಂದರೆ ಇರುತ್ತದೆ. ಹತ್ತು ಲಕ್ಷಕ್ಕೂ ಜಾಸ್ತಿ ಮಾರಿ ದುಡ್ಡು ಎಣಿಸಿದ. ಅವನಲ್ಲಿ ಒಂದು ಪ್ರಾಮಾಣಿಕತೆ ಇತ್ತು ನೋಡಿ, ಕಲ್ಲನ್ನು ಕಲ್ಲು ಅಂತಲೇ ಮಾರಿದ. ಇದರಿಂದ ನಿಮ್ಮ ಬದುಕು ಬದಲಾಗುತ್ತೆ, ಒಳಗಿನ ಮಗು ಎಚ್ಚರವಾಗುತ್ತೆ ಅಂತೆಲ್ಲ ಹೇಳಲಿಲ್ಲ.

ಬೇಜಾರನ್ನು ಓಡಿಸುವುದು ಯಾಕೆ, ಅದನ್ನೇ ತೋರಿಸಿದರೆ ಆಯ್ತಲ್ಲ ಅಂತ ಯೋಚಿಸಿದವರು ನಾರ್ವೆಯವರು. ಆ ದೇಶದ ಸರಕಾರಿ ಟಿವಿ ಎನ್‌ಆರ್‌ಕೆ 2009ರಲ್ಲಿ ಬರ್ಗನ್‌ನಿಂದ ಓಸ್ಲೋಗೆ ಹೋಗುವ ರೈಲನ್ನು ತೋರಿಸಿತು. ರೈಲಿನಲ್ಲಿ ಕೊಲೆ ಇಲ್ಲ, ಪ್ರೇಮ ಇಲ್ಲ. ರೈಲು ಹೋಗುತ್ತದೆ, ಅಷ್ಟೇ. ಏಳು ತಾಸಿನ ಪಯಣ, ಏಳು ತಾಸಿನ ಕಾರ್ಯಕ್ರಮ. ಸುರಂಗ ಬಂದಾಗ ಪರದೆ ಕತ್ತಲಾಗುತ್ತಲ್ಲ, ಆಗ ಮಾತ್ರ ಪಾಪ ಅಂತ ಹಳೇ ಚಿತ್ರಗಳನ್ನು ತೋರಿಸಿದರು. ಸುಮಾರು 12 ಲಕ್ಷ ಜನ ಸ್ವಲ್ಪವಾದರೂ ನೋಡಿದರು. ಐವತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ದೇಶ ಅದು. ಇದು ಕೈಗೆ ಹತ್ತಿದ ಮೇಲೆ ಬಿಡುತ್ತಾರಾ? 2011ರಲ್ಲಿ ಹಡಗು ಹತ್ತಿದರು. 134 ತಾಸು, ಎಡೆಬಿಡದೆ ನೇರ ಪ್ರಸಾರ. 2013ರಲ್ಲಿ ಸೌದೆಗೆ ಬಂದರು. ಮೊದಲು ನಾಲ್ಕು ತಾಸು ಸೌದೆ ಕಡಿಯುವುದು, ಒಟ್ಟುವುದು, ಅದರ ಬಗ್ಗೆ ಮಾತು. ಆಮೇಲೆ ಎಂಟು ತಾಸು ಬರೀ ಒಲೆ ಉರಿಯುವುದು. ರಾತ್ರಿಯಿಡೀ. ನೋಡುಗರಿಂದ ದೂರುಗಳೂ ಬಂದವು. ಇಷ್ಟು ಬೇಜಾರಿನದ್ದನ್ನು ಯಾಕೆ ತೋರಿಸುತ್ತೀರಿ ಅಂತ ಕೇಳಿರಬೇಕು ಅಂದುಕೊಂಡಿರಾ? ಅಲ್ಲ. ಸೌದೆ ಒಟ್ಟುವಾಗ ತೊಗಟೆ ಮೇಲ್ಮುಖ ಇರಬೇಕಿತ್ತು ಅಂತ ಅರ್ಧ ಜನ, ಕೆಳಮುಖ ಇರಬೇಕಿತ್ತು ಅಂತ ಇನ್ನರ್ಧ ಜನ. ನನಗೆ ಈ ಜನರ ಮೇಲೆ ತುಂಬ ಗೌರವ. ತೊಗಟೆ ಯಾವ ಕಡೆ ಇರಬೇಕು ಅನ್ನುವುದರ ಬಗ್ಗೆ ಒಂದು ಗಟ್ಟಿ ಅಭಿಪ್ರಾಯ ಇಟ್ಟುಕೊಂಡವನಿಗೆ ಬದುಕು ಎಂದೂ ಬೋರ್ ಹೊಡೆಯಲಾರದು.

ಎಲ್ಲಿದ್ದೆವು? ಹಾಂ, ಸುಮ್ನೆ ಕೂರುವುದು. ಪಟ್ಟಿಯಲ್ಲಿ ಇದಕ್ಕೆ ಯಾವಾಗಲೂ ಒಂದು ಜಾಗ ಇರುತ್ತದೆ. ಫೋನ್ ಬದಿಗಿಡಿ, ಹದಿನೈದು ನಿಮಿಷ ನಿಮ್ಮೊಂದಿಗೆ ನೀವು ಇರಿ. ಇದನ್ನು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಮಾಡಿಸಿ ನೋಡಿದ್ದಾರೆ. 2014ರಲ್ಲಿ ಅದರ ಫಲಿತಾಂಶ ಬಂತು. ಖಾಲಿ ಕೋಣೆ, ಕೈಯಲ್ಲಿ ಏನೂ ಇಲ್ಲ, ನಿಮ್ಮ ಯೋಚನೆ ಮಾತ್ರ ಜೊತೆ. ಬೇಕಾದರೆ ಒಂದು ಗುಂಡಿ ಒತ್ತಬಹುದು, ಒತ್ತಿದರೆ ಕರೆಂಟ್ ಹೊಡೆಯುತ್ತದೆ. ಆ ಶಾಕ್ ಮೊದಲೇ ಒಮ್ಮೆ ತಿಂದು, ಇದು ಮತ್ತೆ ಬೇಡಪ್ಪ, ತಪ್ಪಿಸಲು ದುಡ್ಡು ಬೇಕಾದರೂ ಕೊಡ್ತೀನಿ ಅಂದಿದ್ದವರು ಇವರು. ಹದಿನೈದು ನಿಮಿಷದಲ್ಲಿ 18 ಗಂಡಸರ ಪೈಕಿ 12 ಮಂದಿ ತಾವಾಗಿಯೇ ಗುಂಡಿ ಒತ್ತಿಕೊಂಡರು. ಹೆಂಗಸರಲ್ಲಿ 24ಕ್ಕೆ 6 ಮಂದಿ. ಒಬ್ಬ ಮಹಾಶಯ ಮಾತ್ರ 190 ಸಲ ಒತ್ತಿದ. ಅವನು ಲೆಕ್ಕಕ್ಕೇ ಸೇರದ ಗಿರಾಕಿ ಅಂತ ಸಂಶೋಧಕರೇ ಪಕ್ಕಕ್ಕಿಟ್ಟರು. ಕಾಸಿಲ್ಲದೆ ಬೇಜಾರು ಕಳೆಯುವ ದಾರಿ ಅಂದರೆ ಇದು. ಪಟ್ಟಿ ಬರೆಯುವವರ ಕಣ್ಣಿಗೆ ಇನ್ನೂ ಬಿದ್ದಿಲ್ಲ, ಪುಣ್ಯ.

ನಾವು ನಗಬೇಕಾಗಿಲ್ಲ. ನಮ್ಮ ಗುಂಡಿ ಜೇಬಿನಲ್ಲೇ ಇದೆ. ಬೆರಳಿನಿಂದ ಮೇಲೆ ತಳ್ಳಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದವನು ಏಜಾ ರಾಸ್ಕಿನ್. ಜನರ ಹೊತ್ತೆಲ್ಲ ಅದರಲ್ಲಿ ಹೋಗುತ್ತಿರುವುದನ್ನು ನೋಡಿ ಆಮೇಲೆ ಅವನೇ ಪಶ್ಚಾತ್ತಾಪಪಟ್ಟ. ಪಾಪ, ಒಳ್ಳೆಯವನು. ಆದರೆ ಪುಟ ಮಾತ್ರ ಇನ್ನೂ ಮುಗಿದಿಲ್ಲ. ಟೊರಾಂಟೊದ ಸಂಶೋಧಕರು 2024ರಲ್ಲಿ ಹೇಳಿದ್ದು ಇನ್ನೂ ಚೆನ್ನಾಗಿದೆ: ಬೋರಾಗಬಾರದು ಅಂತ ಒಂದು ವಿಡಿಯೋದಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋದವರಿಗೆ, ಒಂದನ್ನೇ ಕೂತು ಪೂರ್ತಿ ನೋಡಿದವರಿಗಿಂತ ಜಾಸ್ತಿ ಬೋರಾಯಿತು. ಇಷ್ಟಾದರೂ ‘ಫೋನ್ ಕೆಳಗಿಡಿ’ ಅನ್ನುವ ಉಪದೇಶ ಬರುವುದು ಫೋನಿಗೇ. ಕೆಳಗಿಟ್ಟರೆ ಮುಂದಿನ ಸಲಹೆ ಓದುವುದು ಹೇಗೆ?

ಬೇಜಾರು ಒಳ್ಳೆಯದು, ಅದರಿಂದ ಹೊಸ ಐಡಿಯಾ ಹುಟ್ಟುತ್ತವೆ ಅನ್ನುವ ಪಂಗಡವೂ ಒಂದಿದೆ. ಇಂಗ್ಲೆಂಡಿನ ಸ್ಯಾಂಡಿ ಮನ್ ಮತ್ತು ರೆಬೆಕಾ ಕ್ಯಾಡ್‌ಮನ್ ಅವರ ಪ್ರಯೋಗವನ್ನು ಇವರು ಹಣೆಗೆ ಒತ್ತಿಕೊಂಡು ತಿರುಗುತ್ತಾರೆ. ಹದಿನೈದು ನಿಮಿಷ ಟೆಲಿಫೋನ್ ಡೈರೆಕ್ಟರಿ ನೋಡಿ ನಂಬರ್ ನಕಲು ಮಾಡಿಸಿದರು. ಆಮೇಲೆ ಎರಡು ಥರ್ಮಾಕೋಲ್ ಲೋಟ ಕೊಟ್ಟು ಇದರಿಂದ ಏನೇನು ಮಾಡಬಹುದು ಹೇಳಿ ಅಂದರು. ನಕಲು ಮಾಡಿ ಬೋರಾದವರಿಗೆ ಉಪಯೋಗಗಳು ಜಾಸ್ತಿ ಹೊಳೆದವು. ಸಂತೋಷ. ಆದರೆ ಹದಿನೈದು ನಿಮಿಷ ಆದ ಮೇಲೆ ನಂಬರ್ ಬರೆಯೋದನ್ನು ನಿಲ್ಲಿಸಿ ಲೋಟ ಕೈಗೆ ಕೊಟ್ಟರಲ್ಲ, ಅದನ್ನು ಯಾರೂ ಎತ್ತಿ ಆಡುವುದಿಲ್ಲ. ದಿನಕ್ಕೆ ಎಂಟು ತಾಸು ನಂಬರ್ ತುಂಬುವವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೆ. ಲೋಟದ ಬಗ್ಗೆ ಅವರ ಅಭಿಪ್ರಾಯ ಯಾರಿಗೆ ಬೇಕಾಗಿದೆ? ನಂಬರ್ ತಪ್ಪಾದರೆ ಮಾತ್ರ ಕರೆಯುತ್ತಾರೆ.

ನನಗೆ ನಗು ನಿಲ್ಲುವುದು ಇಲ್ಲಿ. ಈ ಪಟ್ಟಿ ಯಾರಿಗಾಗಿ? ಬಾಗಿಲು ಕಾಯುವ ಒಬ್ಬ ಮನುಷ್ಯನನ್ನು ನೋಡಿ. ಹೆಗಲ ಮೇಲೆ ತನ್ನ ಅಳತೆಯದ್ದಲ್ಲದ ಷರ್ಟು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತ, ಗೋಡೆಗೆ ಒರಗಿಯೂ ಒರಗದ ಹಾಗೆ ನಿಂತಿರುತ್ತಾನೆ. ಕುರ್ಚಿ ಇತ್ತು. ಕೂತರೆ ಸೋಮಾರಿ ಥರ ಕಾಣುತ್ತೆ ಅಂತ ತೆಗೆಸಿದರು. ಫೋನ್ ನೋಡಬಾರದು, ನೋಡಿದರೆ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಮೋಡ ನೋಡಿದರೂ ಗಮನ ಇಲ್ಲ ಅಂತ ಬೈಗುಳವೇ. ಬೇಜಾರಾಗುವುದೇ ಅವನ ಕೆಲಸ, ಸಂಬಳ ಅದಕ್ಕೇ. ಅವನಿಗೆ ಪಟ್ಟಿಯ ಎಷ್ಟನೇ ಸಲಹೆ ಕೊಡೋಣ? ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸು ಇದ್ದಾಳೆ. ತಿರುಗಿಸಿ ಮಲಗಿಸಬೇಕು, ಒರೆಸಬೇಕು, ಮಾತ್ರೆ, ಬಟ್ಟೆ, ಮತ್ತೆ ತಿರುಗಿಸಿ ಮಲಗಿಸಬೇಕು. ದಿನಕ್ಕೊಂದು ಹೊಸ ದಾರಿಯಲ್ಲಿ ನಡೆಯಿರಿ ಅಂದರೆ ಅವಳು ಎಲ್ಲಿಗೆ ನಡೆಯಬೇಕು, ಮಂಚದ ಆ ಕಡೆಯಿಂದಲಾ? ಇವರಿಗೆ ಬೇಕಾಗಿರುವುದು ಹವ್ಯಾಸ ಅಲ್ಲ ಕಣ್ರೀ. ಒಂದು ದಿನ ರಜೆ. ಆ ದಿನ ತಮ್ಮ ಜಾಗದಲ್ಲಿ ನಿಲ್ಲೋಕೆ ಇನ್ನೊಬ್ಬ ಮನುಷ್ಯ. ಒಂದು ಕುರ್ಚಿ. ಪುಕ್ಕಟೆ ಸಿಗದೇ ಇರುವುದು ಇದು ಮಾತ್ರ, ಅದಕ್ಕೇ ಪಟ್ಟಿಯಲ್ಲಿ ಇಲ್ಲ. ಕೆಲಸ ಕೊಟ್ಟವರ ಕೈಯಿಂದ ಹೋಗಬೇಕಾದ ದುಡ್ಡು ಇದು. ಅದು ತಪ್ಪಬೇಕಾದರೆ ಬೇಜಾರನ್ನು ನಮ್ಮ ತಲೆಯೊಳಗಿನ ರೋಗ ಅಂತ ಮಾಡಿಬಿಟ್ಟರೆ ಸುಲಭ. ನಿನ್ನ ನೋಟ ಬದಲಿಸಿಕೋ, ನಿನ್ನ ಕೈ ಬದಲಿಸಿಕೋ. ಕೇಳಿ ಕೇಳಿ ಸಾಕಾಗಿದೆ.

ಹಾಗಂತ ಕೆಲಸ ಕೊಟ್ಟವರು ಏನೂ ಮಾಡುವುದಿಲ್ಲ ಅಂತಲ್ಲ. ಪರಿಚಯದವರೊಬ್ಬರ ಕಚೇರಿಯಲ್ಲಿ ಸಿಬ್ಬಂದಿಗೆ ಏಕತಾನತೆ ಕಾಡುತ್ತಿದೆ ಅಂತ ಮೇಲಿನವರ ಗಮನಕ್ಕೆ ಬಂತಂತೆ. ಕೆಲಸ ಕಡಿಮೆ ಮಾಡಿದರಾ? ಖಾಲಿ ಬಿದ್ದ ಹುದ್ದೆಗೆ ಜನ ತಂದರಾ? ಇಲ್ಲ, ಉಲ್ಲಾಸ ದಿನ ಮಾಡಿದರು. ಬಲೂನ್ ಕಟ್ಟಿದರು. ಇನ್ನೊಬ್ಬರ ಬಗ್ಗೆ ಒಂದು ಒಳ್ಳೇ ಮಾತು ಬರೆದು ಡಬ್ಬಿಗೆ ಹಾಕಿ ಅಂದರು, ಬರೆದವರ ಹೆಸರು ಕಡ್ಡಾಯ. ಆಮೇಲೆ ಮೂರು ಕಾಲಿನ ಓಟ. ಈ ಪರಿಚಯದವರ ಎಡಗಾಲನ್ನು ಅವರ ಮೇಲಧಿಕಾರಿಯ ಬಲಗಾಲಿಗೆ ಕಟ್ಟಿದರು. ವಾರವಿಡೀ ಕತ್ತಿನ ಮೇಲೆ ಕೂತಿದ್ದವರು ಆವತ್ತು ಕಾಲಿಗೂ ಬಂದರು. ಅರ್ಧ ದಾರಿಯಲ್ಲಿ ಇಬ್ಬರೂ ಬಿದ್ದರು. ಬಿದ್ದಲ್ಲಿಂದಲೇ ಅಧಿಕಾರಿ ಕೇಳಿದರಂತೆ, ‘ಆ ಸೋಮವಾರದ ರಿಪೋರ್ಟ್ ಎಲ್ಲಿಗೆ ಬಂತು?’

ಇದೆಲ್ಲ ನಡೆದದ್ದು ಭಾನುವಾರ. ಬರದವರು ಕಾರಣ ಬರೆದು ಕೊಡಬೇಕಂತೆ, ಒಂದು ಪುಟಕ್ಕೆ ಕಡಿಮೆ ಇಲ್ಲದ ಹಾಗೆ.