ಉತ್ತರವೇ ಇಲ್ಲದ ಪ್ರಶ್ನೆಗೆ ಎರಡು ಅಂಕ

ಅಕ್ಕನ ಮಗಳು ನಿನ್ನೆ ರಾತ್ರಿ ತನ್ನ ಇಂಟರ್ನಲ್ಸ್ ಉತ್ತರ ಪತ್ರಿಕೆಯ ಫೋಟೋ ಕಳಿಸಿದಳು. ನೋಡಿದಾಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಪ್ರಶ್ನೆ ಇದು: ಐ ಅನ್ನೋ ಇಂಟ್ ವೇರಿಯೇಬಲ್‌ನಲ್ಲಿ (ಅಂದರೆ ಪೂರ್ಣಾಂಕ ಇಡುವ ಜಾಗದಲ್ಲಿ) 5 ಇದೆ. ++ಐ ಅಂದರೆ ಐ ಅನ್ನು ಒಂದು ಹೆಚ್ಚಿಸಿ, ಹೆಚ್ಚಿದ ಬೆಲೆಯನ್ನು ಬಳಸು ಅಂತ. ++ಐ + ++ಐ ಪ್ರಿಂಟ್ ಮಾಡಿದರೆ ಏನು ಬರುತ್ತದೆ? ಎರಡು ಅಂಕ. ಅವಳು "ಇದು ಅನ್‌ಡಿಫೈನ್ಡ್, ಇಂಥದ್ದೇ ಬರುತ್ತದೆ ಅಂತ ಹೇಳಲು ಆಗುವುದಿಲ್ಲ" ಎಂದು ಬರೆದಿದ್ದಾಳೆ. ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸೊನ್ನೆ ಹಾಕಿ, ಕೆಳಗೆ 14 ಅಂತ ಬರೆದಿದ್ದಾರೆ. "ಚಿಕ್ಕಮ್ಮಾ, ನಾನು ಬರೆದಿದ್ದು ತಪ್ಪಾ?" ಅಂತ ಮೆಸೇಜು.

ತಪ್ಪಲ್ಲ ಪುಟ್ಟಾ. ಆ ಪ್ರಶ್ನೆಗೆ ಬರೆಯಬಹುದಾದ ಸರಿಯುತ್ತರ ಅದೊಂದೇ.

ನನ್ನ ಕೆಲಸ ಏನು ಅಂತ ಇಲ್ಲಿರುವವರಿಗೆಲ್ಲ ಗೊತ್ತೇ ಇದೆ. ಬೆಳಗ್ಗೆಯಿಂದ ಸಂಜೆವರೆಗೆ ಸಿ. ಆದರೂ ನನ್ನ ಮಾತನ್ನೇ ನಂಬಬೇಕಾಗಿಲ್ಲ. ಆ ನಾಲ್ಕು ಸಾಲು ಟೈಪ್ ಮಾಡಿ ಜಿಸಿಸಿ ಅನ್ನೋ ಕಂಪೈಲರ್‌ಗೆ (ನಾವು ಬರೆದದ್ದನ್ನು ಮಷೀನು ಓಡಿಸುವ ಹಾಗೆ ಬದಲಿಸುವ ಪ್ರೋಗ್ರಾಂಗೆ) ಕೊಟ್ಟೆ, 14 ಬಂತು. ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಫೈಲನ್ನು ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್‌ಗೆ ಕೊಟ್ಟೆ, 13 ಬಂತು. ಜಿಸಿಸಿ ಎರಡು ಸಲ ಹೆಚ್ಚಿಸಿ ಮುಗಿಸಿ, ಆಮೇಲೆ ಐ ಅನ್ನು ಎರಡು ಸಲ ಓದುತ್ತದೆ, 7 ಮತ್ತು 7. ಕ್ಲ್ಯಾಂಗ್ ಎಡಗಡೆಯಿಂದ ಬರುತ್ತದೆ, 6 ಮತ್ತು 7. ಎರಡೂ ಕಂಪೈಲರ್ ಸರಿಯಾಗಿಯೇ ಇವೆ. ತಪ್ಪಿರುವುದು ಆ ಸಾಲಿನಲ್ಲಿ. ಯಾವುದು ಮೊದಲು ಅಂತ ಗೊತ್ತಾಗದ ಹಾಗೆ ಒಂದೇ ವೇರಿಯೇಬಲ್ ಅನ್ನು ಎರಡು ಸಲ ಬದಲಿಸಬಾರದು ಅಂತ ಸಿಯ ನಿಯಮಗಳನ್ನು ಬರೆದಿಟ್ಟ 1989ರ ಮೊದಲ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಬದಲಿಸಿದರೆ ಏನಾಗುತ್ತದೋ ಅದಕ್ಕೆ ಭಾಷೆ ಹೊಣೆಯಲ್ಲ, ಅದೇ ಅನ್‌ಡಿಫೈನ್ಡ್. ಕ್ಲ್ಯಾಂಗ್ ತಾನಾಗಿಯೇ ಎಚ್ಚರಿಸುತ್ತದೆ. ಜಿಸಿಸಿಯಲ್ಲಿ ವಾರ್ನಿಂಗ್ ಆನ್ ಮಾಡಿದರೆ ಅದೂ ಆ ಸಾಲನ್ನು ತೋರಿಸಿ, ಐ ಮೇಲಿನ ಕೆಲಸ ಅನ್‌ಡಿಫೈನ್ಡ್ ಆಗಿರಬಹುದು ಅನ್ನುತ್ತದೆ. ಕಂಪೈಲರ್ ಹೇಳುವ ಮಾತನ್ನೇ ಹುಡುಗಿ ಬರೆದಿದ್ದಾಳೆ. ಅದಕ್ಕೆ ಸೊನ್ನೆ!

ಇದು ಒಂದು ಕಾಲೇಜಿನ, ಒಬ್ಬ ಮೇಷ್ಟ್ರ ವಿಷಯ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಪ್ಲೇಸ್‌ಮೆಂಟ್ ತಯಾರಿಯ ಪ್ರಶ್ನೆಗಳಲ್ಲಿ ಇದೇ, ಇಂಟರ್‌ವ್ಯೂಗಳಲ್ಲಿ ಇದೇ. ಮಕ್ಕಳು "ಪ್ರೀ ಇನ್‌ಕ್ರಿಮೆಂಟ್ ಎಲ್ಲ ಮೊದಲು ಆಗುತ್ತೆ, ಪೋಸ್ಟ್ ಆಮೇಲೆ" ಅಂತ ಇಲ್ಲದ ನಿಯಮವನ್ನು ಉರು ಹೊಡೆಯುತ್ತಾರೆ (++ಐ ಪ್ರೀ, ಐ++ ಪೋಸ್ಟ್). ನಮ್ಮಲ್ಲಿ ಹೊಸಬರು ಕೆಲಸಕ್ಕೆ ಸೇರಿದಾಗ ಅದನ್ನು ಅವರ ತಲೆಯಿಂದ ತೆಗೆಯುವುದೇ ಒಂದು ಕೆಲಸ.

ಲ್ಯಾಬ್ ಕಥೆ ಕೇಳಿ. ಇವಳ ಕಾಲೇಜಿನಲ್ಲಿ ಇನ್ನೂ ಟರ್ಬೊ ಸಿ ಅನ್ನೋ ಹಳೆಯ ಕಂಪೈಲರ್. ಬೋರ್ಲೆಂಡ್‌ನವರು 1987ರಲ್ಲಿ ಡಾಸ್ ಅನ್ನೋ ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಅಂತ ತಂದದ್ದು, ಆ ಕಾಲಕ್ಕೆ ತುಂಬ ಒಳ್ಳೆಯ ಸಾಧನ. ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದೇ ಇಲ್ಲ. ಅದಕ್ಕೋಸ್ಕರ ಡಾಸ್ ಇರುವ ಹಾಗೆ ನಟಿಸುವ ಡಾಸ್‌ಬಾಕ್ಸ್ ಹಾಕಿ, ಅದರೊಳಗೆ ನೀಲಿ ಪರದೆ ತೆರೆದು ಮಕ್ಕಳನ್ನು ಕೂರಿಸುತ್ತಾರೆ. ಅಲ್ಲಿ ಇಂಟ್ ಅಂದರೆ ಎರಡು ಬೈಟ್, 32767 ದಾಟುವ ಹಾಗಿಲ್ಲ. ವಾಯ್ಡ್ ಮೇನ್, ಕೋನಿಯೊ, ಕೊನೆಗೊಂದು ಗೆಟ್‌ಸಿಎಚ್, ಹೀಗೆ ಪ್ರೋಗ್ರಾಂ ತುಂಬ ಆ ಕಾಲದ ಪದ್ಧತಿಗಳು. ಮನೆಗೆ ಬಂದು ಇವತ್ತಿನ ಕಂಪೈಲರ್‌ಗೆ ಅದೇ ಪ್ರೋಗ್ರಾಂ ಕೊಟ್ಟರೆ ಮೊದಲ ಸಾಲಿಗೇ ಎರರ್. ತಪ್ಪು ತನ್ನದೇ ಅಂದುಕೊಂಡು ಮಗು ಅಳುವ ಹಾಗಾಗುತ್ತದೆ.

ಅದೇ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಟೈಪ್ ಮಾಡಿದ ಸಾಲನ್ನು ಓದುವ ಗೆಟ್ಸ್ ಕೂಡ ಇದೆ. ಗೆಟ್ಸ್‌ಗೆ ನಿಮ್ಮ ಅರೇ (ಅಕ್ಷರಗಳನ್ನು ಸಾಲಾಗಿ ಇಡುವ ಜಾಗ) ಎಷ್ಟು ದೊಡ್ಡದು ಅಂತ ಹೇಳುವ ದಾರಿಯೇ ಇಲ್ಲ. ಟೈಪ್ ಮಾಡಿದ್ದನ್ನೆಲ್ಲ ತುಂಬುತ್ತಾ ಹೋಗುತ್ತದೆ, ಅರೇ ಮುಗಿದರೂ ನಿಲ್ಲುವುದಿಲ್ಲ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಅನ್ನೋ ತಾನಾಗಿಯೇ ಹರಡುವ ಪ್ರೋಗ್ರಾಂ ಅಮೆರಿಕದಲ್ಲಿ ಮಷೀನಿಂದ ಮಷೀನಿಗೆ ಹಬ್ಬಿದ್ದು ಯಾವ ದಾರಿಗಳಲ್ಲಿ ಗೊತ್ತಾ? ಅದರಲ್ಲಿ ಒಂದು ಇದೇ ಗೆಟ್ಸ್. ಫಿಂಗರ್ ಅನ್ನೋ ಸರ್ವಿಸ್ 512 ಬೈಟಿನ ಜಾಗಕ್ಕೆ ಗೆಟ್ಸ್‌ನಿಂದ ಓದುತ್ತಿತ್ತು. ವರ್ಮ್ ಅದಕ್ಕಿಂತ ಜಾಸ್ತಿ ಕಳಿಸಿತು, ಪಕ್ಕದ ಮೆಮೊರಿ ಅದರ ಕೈಗೆ ಹೋಯಿತು. 2011ರ ಸ್ಟ್ಯಾಂಡರ್ಡ್‌ನಲ್ಲಿ ಗೆಟ್ಸ್ ಅನ್ನು ಭಾಷೆಯಿಂದಲೇ ತೆಗೆದುಹಾಕಿದರು. ನಮ್ಮ ಮ್ಯಾನ್ಯುಯಲ್‌ನಿಂದ ತೆಗೆಯೋಕೆ ಇನ್ನೂ ಏನಾಗಬೇಕು?

ಮಕ್ಕಳ ನಿಜವಾದ ಪ್ರಶ್ನೆಗಳು ಬೇರೆಯೇ ಇರುತ್ತವೆ, ಅವು ಎಷ್ಟು ಚೆನ್ನಾಗಿರುತ್ತವೆ ಅಂದರೆ! "ಚಿಕ್ಕಮ್ಮಾ, ನಂಬರ್ ಕೇಳಿದ ಮೇಲೆ ಅಕ್ಷರ ಕೇಳಿದ್ರೆ ಪ್ರೋಗ್ರಾಂ ನಿಲ್ಲೋದೇ ಇಲ್ಲ, ಹಾಗೇ ಮುಂದೆ ಹೋಗುತ್ತೆ." ಸಿ ಕಲಿತ ಎಲ್ಲರೂ ಇದಕ್ಕೆ ಎಡವಿಯೇ ಇರುತ್ತಾರೆ. 25 ಒತ್ತಿ ಎಂಟರ್ ಹೊಡೆದಾಗ ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ 25 ಅನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎಂಟರ್ ಬಫರ್‌ನಲ್ಲೇ, ಅಂದರೆ ಟೈಪ್ ಮಾಡಿದ್ದು ಕಾಯುವ ಜಾಗದಲ್ಲೇ, ಕೂತಿರುತ್ತದೆ. ಮುಂದಿನ ಸ್ಕ್ಯಾನ್‌ಎಫ್ ಒಂದು ಅಕ್ಷರ ಕೇಳಿದ ತಕ್ಷಣ ಅದೇ ಹೋಗಿ ಸಿಗುತ್ತದೆ. ಅಕ್ಷರ ಕೇಳುವ ಪರ್ಸೆಂಟ್ ಸಿಗೆ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಮುಗಿಯಿತು, ಸ್ಕ್ಯಾನ್‌ಎಫ್ ಆ ಎಂಟರನ್ನು ದಾಟಿಕೊಂಡು ಹೋಗುತ್ತದೆ. ಇದನ್ನು ಬೋರ್ಡಿನ ಮೇಲೆ ಐದು ನಿಮಿಷದಲ್ಲಿ ಹೇಳಬಹುದು. ಹೇಳಿದರೆ ಇನ್‌ಪುಟ್ ಬಫರ್ ಅಂದರೇನು ಅಂತ ಜನ್ಮಕ್ಕೂ ಮರೆಯುವುದಿಲ್ಲ. ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಏನು? "ಎಫ್‌ಫ್ಲಶ್ ಎಸ್‌ಟಿಡಿಇನ್ ಹಾಕು, ಸರಿಹೋಗುತ್ತೆ." ಬಫರ್‌ನಲ್ಲಿ ಉಳಿದದ್ದನ್ನು ಹೊರಗೆ ತಳ್ಳುವ ಎಫ್‌ಫ್ಲಶ್ ಇರುವುದು ಔಟ್‌ಪುಟ್‌ಗೆ, ಎಸ್‌ಟಿಡಿಇನ್ ಅಂದರೆ ಇನ್‌ಪುಟ್. ಇನ್‌ಪುಟ್‌ಗೆ ಹಾಕಿದರೆ ಸ್ಟ್ಯಾಂಡರ್ಡ್ ಪ್ರಕಾರ ಅದೂ ಅನ್‌ಡಿಫೈನ್ಡ್. ಒಂದು ಕಡೆ ಕೆಲಸ ಮಾಡುತ್ತದೆ, ಇನ್ನೊಂದು ಕಡೆ ಇಲ್ಲ.

ಇನ್ನೊಂದು ಪ್ರಶ್ನೆಯಂತೂ ನನಗೆ ತುಂಬ ಖುಷಿ ಕೊಟ್ಟಿತು. ಪ್ಯಾಲಿಂಡ್ರೋಮ್ (ಹಿಂದುಮುಂದಾಗಿ ಓದಿದರೂ ಅದೇ ಆಗುವ ಪದ) ಪತ್ತೆಮಾಡುವ ಪ್ರೋಗ್ರಾಂ ಬರೆದು ಇವಳು ಅದಕ್ಕೆ "ವಿಕಟಕವಿ" ಕೊಟ್ಟಿದ್ದಾಳೆ. ಪ್ಯಾಲಿಂಡ್ರೋಮ್ ಅಲ್ಲ ಅಂತ ಬಂತು. ಉದ್ದ ಎಷ್ಟು ಅಂತ ಸ್ಟ್ರ್‌ಲೆನ್ ಕೇಳಿದರೆ 21! ಮೇಷ್ಟ್ರನ್ನು ಕೇಳಿದರೆ "ಅದೆಲ್ಲ ಸಿಲಬಸ್‌ನಲ್ಲಿಲ್ಲ, ಇಂಗ್ಲಿಷಿನಲ್ಲಿ ಮೇಡಮ್ ಅಂತ ಕೊಟ್ಟು ನೋಡು" ಅಂದರಂತೆ. ಅಯ್ಯೋ, ಎಂಥ ಅವಕಾಶ ಕೈಬಿಟ್ಟಿರಿ! ನಾವಿಬ್ಬರೂ ಕೂತು ಒಂದೊಂದೇ ಬೈಟ್ ಪ್ರಿಂಟ್ ಮಾಡಿ ನೋಡಿದೆವು. ವಿ ಅಂದರೆ ವ ಒಂದು, ಗುಡಿಸು ಒಂದು. ಹಾಗೆ ಎಣಿಸಿದರೆ ಒಟ್ಟು ಏಳು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದಕ್ಕೂ ಮೂರು ಬೈಟ್, ಹಾಗಾಗಿ 21. ಪ್ರೋಗ್ರಾಂ ಹೋಲಿಸಿದ್ದು ಮೊದಲ ಬೈಟ್ 224 ಮತ್ತು ಕೊನೆಯ ಬೈಟ್ 191. ಅಲ್ಲೇ ಸೋತಿತು. ಸಿಯಲ್ಲಿ ಅಕ್ಷರ ಇಡುವ ಕ್ಯಾರ್ ಒಂದು ಬೈಟ್ ಮಾತ್ರ, ನಮ್ಮ ಅಕ್ಷರದ ಸುದ್ದಿ ಅದಕ್ಕೆ ಗೊತ್ತಿಲ್ಲ. ಅವತ್ತು ಆ ಹುಡುಗಿಯ ಮುಖ ನೋಡಬೇಕಿತ್ತು.

ಇಂಥ ಪ್ರಶ್ನೆಗೆ ಜಾಗವಿಲ್ಲ, ++ಐ + ++ಐಗೆ ಎರಡು ಅಂಕ ಇದೆ.

"ಫಸ್ಟ್ ಸೆಮ್ ಮಕ್ಕಳಿಗೆ ಅನ್‌ಡಿಫೈನ್ಡ್ ಬಿಹೇವಿಯರ್ ಎಲ್ಲ ಜಾಸ್ತಿ ಆಯ್ತು" ಅಂತ ನನ್ನ ಸ್ನೇಹಿತರೇ ಹೇಳುತ್ತಾರೆ. ಪಾಠ ಮಾಡುವವರ ಕಷ್ಟ ನನಗೆ ಗೊತ್ತು. ಸಿಲಬಸ್ ಅವರ ಕೈಯಲ್ಲಿಲ್ಲ, ಒಂದೊಂದು ಲ್ಯಾಬಿಗೆ ರಾಶಿ ಮಕ್ಕಳು. ಆದರೆ ಜಾಸ್ತಿ ಆಗುವುದಾದರೆ ಆ ಪ್ರಶ್ನೆ ಕೇಳಬೇಡಿ, ಅಷ್ಟೇ. ಕೇಳಿದ ಮೇಲೆ ಸರಿಯುತ್ತರಕ್ಕೆ ಅಂಕ ಕೊಡಬೇಕು. ಇನ್ನು ಕೆಲವರು "ಈಗ ಸಿ ಯಾರಿಗೆ ಬೇಕು, ಎಲ್ಲ ಪೈಥಾನ್" ಅನ್ನುತ್ತಾರೆ. ನೀವು ದಿನಾ ಓಡಿಸುವ ಪೈಥಾನ್ ಬರೆದಿರುವುದೇ ಸಿಯಲ್ಲಿ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವ ಲಿನಕ್ಸ್ ಕರ್ನಲ್ (ಫೋನನ್ನು ನಡೆಸುವ ತಿರುಳು) ಬಹುಪಾಲು ಸಿ.

ಆ ಲಿನಕ್ಸ್‌ನಲ್ಲೇ 2009ರಲ್ಲಿ ಏನಾಯಿತು ಹೇಳುತ್ತೇನೆ. ಟನ್ ಅನ್ನೋ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ ಇಡುವ ವೇರಿಯೇಬಲ್) ಇತ್ತು. ಮೊದಲ ಸಾಲಿನಲ್ಲಿ ಅದನ್ನು ಬಳಸಿದ್ದರು, ಆಮೇಲೆ ಅದು ನಲ್ ಆಗಿದೆಯಾ, ಅಂದರೆ ಎಲ್ಲಿಗೂ ತೋರಿಸದೆ ಖಾಲಿ ಇದೆಯಾ ಅಂತ ಚೆಕ್ ಮಾಡಿದ್ದರು. ಕಂಪೈಲರ್‌ನ ಲೆಕ್ಕ ಹೀಗೆ: ನಲ್ ಪಾಯಿಂಟರ್ ಬಳಸುವುದು ಅನ್‌ಡಿಫೈನ್ಡ್, ಇವರು ಆಗಲೇ ಬಳಸಿದ್ದಾರೆ, ಅಂದರೆ ಇದು ನಲ್ ಆಗಿರುವುದಿಲ್ಲ, ಹಾಗಾದರೆ ಈ ಚೆಕ್ ಯಾಕೆ? ಚೆಕ್ ಅನ್ನೇ ತೆಗೆದುಹಾಕಿತು. ಕಾವಲಿಗೆ ಅಂತ ಬರೆದ ಸಾಲು ಓಡುವ ಪ್ರೋಗ್ರಾಂನಲ್ಲಿ ಇರಲೇ ಇಲ್ಲ. ಅದರಿಂದ ಸಾಮಾನ್ಯ ಯೂಸರ್ ಒಬ್ಬ ರೂಟ್ (ಮಷೀನಿನ ಮೇಲೆ ಪೂರ್ತಿ ಅಧಿಕಾರ ಇರುವ ಯೂಸರ್) ಆಗುವ ದಾರಿ ತೆರೆಯಿತು. ಆಮೇಲೆ ಇಂಥ ಚೆಕ್‌ಗಳನ್ನು ಮುಟ್ಟಬೇಡ ಅಂತ ಕಂಪೈಲರ್‌ಗೆ ಹೇಳಿಯೇ ಕರ್ನಲ್ ಬಿಲ್ಡ್ ಮಾಡಲು ಶುರು ಮಾಡಿದರು. ಅನ್‌ಡಿಫೈನ್ಡ್ ಅನ್ನುವುದಕ್ಕೆ ಇಷ್ಟು ತೂಕ ಇದೆ. ಹದಿನೆಂಟು ವರ್ಷದ ಹುಡುಗಿಗೆ ಅದು ಗೊತ್ತಿದೆ ಅಂದರೆ ಬೆನ್ನು ತಟ್ಟಬೇಕು.

ನನಗೆ ಸಿ ಅನ್ನ ಕೊಟ್ಟ ಭಾಷೆ. 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಕಟ್ಟಿದ ಈ ಪುಟ್ಟ ಭಾಷೆ ಮೆಮೊರಿಯನ್ನು ಇದ್ದ ಹಾಗೇ ತೋರಿಸುತ್ತದೆ, ಬರೆಯುವವರನ್ನು ಪೂರ್ತಿ ನಂಬುತ್ತದೆ. ನಂಬುವ ಭಾಷೆಯನ್ನು ಎಚ್ಚರದಿಂದ ಬರೆಯೋಕೆ ಕಲಿಸಬೇಕಲ್ವಾ? ಕೊನೆಗೆ ಅವಳು "ಬಿಡಿ ಚಿಕ್ಕಮ್ಮ, ಇನ್ಮೇಲೆ 14 ಅಂತಲೇ ಬರೀತೀನಿ" ಅಂದಳು. ಆ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ. ಗೊತ್ತಿದ್ದದ್ದನ್ನು ಬಿಟ್ಟುಕೊಡುವುದನ್ನು ನಾವೇ ಅವಳಿಗೆ ಕಲಿಸಿದ ಹಾಗಾಯಿತು.

ಸರಿಪಡಿಸೋಕೆ ದುಡ್ಡೂ ಬೇಡ. ಜಿಸಿಸಿ ಉಚಿತ. ವಾರ್ನಿಂಗ್ ಎಲ್ಲ ಆನ್ ಮಾಡಿ, ಅಡ್ರೆಸ್ ಸ್ಯಾನಿಟೈಸರ್, ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಅನ್ನೋ ತಪ್ಪು ಹಿಡಿಯುವ ಆಯ್ಕೆ ಎರಡನ್ನೂ ಹಾಕಿ ಕಂಪೈಲ್ ಮಾಡಿಸಿ. ಅರೇ ದಾಟಿ ಬರೆದರೆ ಯಾವ ಸಾಲಿನಲ್ಲಿ ದಾಟಿದೆ ಅಂತ ಅದೇ ತೋರಿಸುತ್ತದೆ. "ಔಟ್‌ಪುಟ್ ಏನು" ಅನ್ನುವ ಬದಲು "ಈ ಸಾಲಿನಲ್ಲಿ ಏನು ತಪ್ಪಿದೆ, ಸರಿಯಾಗಿ ಬರೆಯಿರಿ" ಅಂತ ಕೇಳಿ. ನನ್ನ ಲಿಸ್ಟ್‌ನಲ್ಲಿ ಪಾಠ ಮಾಡುವವರು ಸಾಕಷ್ಟು ಜನ ಇದ್ದೀರಿ. ನಿಮ್ಮ ಲ್ಯಾಬಿನ ಮಷೀನುಗಳಿಗೆ ಇದನ್ನೆಲ್ಲ ಹಾಕಿಕೊಡಬೇಕು ಅಂದರೆ ಇನ್‌ಬಾಕ್ಸ್‌ಗೆ ಬನ್ನಿ. ಶನಿವಾರ ನನಗೆ ರಜೆ, ನಾನೇ ಬಂದು ಕೂತು ಮಾಡಿಕೊಡುತ್ತೇನೆ. ಮ್ಯಾನ್ಯುಯಲ್‌ನಲ್ಲಿರುವ ಪ್ರೋಗ್ರಾಂಗಳನ್ನೂ ಒಂದೊಂದಾಗಿ ಸರಿಮಾಡೋಣ, ಗೆಟ್ಸ್‌ನಿಂದಲೇ ಶುರು ಮಾಡೋಣ.