ಮಕ್ಕಳ ಆಟಿಕೆ, ದೊಡ್ಡೋರ ಧಾರಾಳ

ನೆಂಟರ ಮಗು ನಮ್ಮನೆ ಮಗುವಿನ ಆಟಿಕೆ ಹಿಡ್ಕೊಂಡು ರಚ್ಚೆ ಹಿಡಿದ್ರೆ ಸಾಕು, "ಕೊಟ್ಬಿಡು ಪುಟ್ಟಾ, ನೀನು ದೊಡ್ಡೋನಲ್ವಾ, ನಿಂಗೆ ಬೇರೆ ತರೋಣ" ಅಂತ ಕಿತ್ಕೊಂಡು ಕೊಟ್ಟೇಬಿಡ್ತಾರೆ. ಆ ಬೇರೇದು ಯಾವತ್ತೂ ಬರಲ್ಲ ಬಿಡಿ. ಕೇಳಿದ್ರೆ ಹಂಚ್ಕೊಂಡು ಬಾಳೋದು ಕಲಿಸ್ತಿದೀವಿ ಅಂತಾರೆ, ನಂಗೆ ಮೈಯೆಲ್ಲಾ ಉರಿಯುತ್ತೆ, ಯಾಕಂದ್ರೆ ಅಲ್ಲಿ ಹೋಗೋದು ಮಗುವಿನ ವಸ್ತು, ಹೆಸರು ಬರೋದು ಅಪ್ಪ ಅಮ್ಮಂಗೆ.

2013ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯವರ ಒಂದು ಸ್ಟಡಿ ಬಂತು. ಪುಟ್ಟ ಮಕ್ಕಳ ಮುಂದೆ ಬೇಜಾರಲ್ಲಿರೋ ನಾಯಿಗೊಂಬೆ ಕೂರಿಸಿ, ಕೆಲವರಿಗೆ ಈ ಸ್ಟಿಕರ್ ಅದಕ್ಕೆ ಕೊಡ್ತೀಯೋ ನೀನೇ ಇಟ್ಕೋತೀಯೋ ಅಂತ ಕೇಳಿದ್ರು, ಇನ್ನು ಕೆಲವರಿಗೆ ಕೊಡಲೇಬೇಕು ಅಂದ್ರು. ಆಮೇಲೆ ಇನ್ನೊಂದು ಗೊಂಬೆ ಬಂದಾಗ ಜಾಸ್ತಿ ಸ್ಟಿಕರ್ ಹಂಚಿದ್ದು ಯಾರು ಅಂತೀರಿ? ಇಟ್ಕೊಳೋ ಚಾನ್ಸ್ ಇದ್ದೂ ಕೊಟ್ಟಿದ್ವಲ್ಲ, ಆ ಮಕ್ಕಳು.

ಇನ್ನೊಂದು ಜಾತಿ ಜನ ಇದಾರೆ, ಬೇಡದ್ದನ್ನೆಲ್ಲ ಮೂಟೆ ಕಟ್ಟಿ ದಾನ ಅನ್ನೋರು. 2018ರಲ್ಲಿ ಮಳೆಗೆ ಗುಡ್ಡ ಕುಸಿದಿದ್ದ ಕೊಡಗಿಗೆ ಅಂತ ನಮ್ಮ ಲೇಔಟಲ್ಲಿ ಸಾಮಾನು ಕಲೆಕ್ಟ್ ಮಾಡಿದಾಗ ಜಿಪ್ ಕಿತ್ತೋಗಿರೋ ಪ್ಯಾಂಟು, ಒಂದು ಕಾಲಿಲ್ಲದ ಗೊಂಬೆ ಎಲ್ಲಾ ಬಂದಿತ್ತು, ಮನೆ ಕಳ್ಕೊಂಡ ಮಗು ಅದನ್ನ ಇಟ್ಕೊಂಡು ಏನ್ ಮಾಡ್ಬೇಕು ಹೇಳಿ. ಕಠೋಪನಿಷತ್ತಿನ ನಚಿಕೇತಂಗೂ ಇದೇ ಸಂಕಟ ಅಲ್ವಾ. ಅಪ್ಪ ಯಜ್ಞ ಮಾಡಿ ಎಲ್ಲಾ ಕೊಡ್ತೀನಿ ಅಂತ ಹೊರಟು ಕೊಟ್ಟಿದ್ದು ಕರೆಯೋಕೂ ಆಗದ, ಹುಲ್ಲು ಮೇಯೋಕೂ ತ್ರಾಣ ಇಲ್ಲದ ಹಸುಗಳನ್ನ. ಹುಡುಗ ನೋಡ್ದ, "ಅಪ್ಪಾ, ನನ್ನ ಯಾರಿಗೆ ಕೊಡ್ತೀಯಾ" ಅಂತ ಮೂರು ಸಲ ಕೇಳ್ದ, ಅಪ್ಪಂಗೆ ಸಿಟ್ಟು ಬಂದು ಯಮಂಗೆ ಅಂದ! ಮಕ್ಕಳು ಎಲ್ಲಾ ನೋಡ್ತಿರ್ತಾವೆ ಮಾರಾಯ್ರೆ.

ಹಂಗಾಗಿ ನಮ್ಮನೇಲಿ ಏನು ಕೊಡ್ಬೇಕು, ಕೊಡಬೇಕೋ ಬೇಡ್ವೋ, ಎರಡೂ ಮಗಳದ್ದೇ ತೀರ್ಮಾನ. ಹೋದ ಬೇಸಿಗೇಲಿ ಅವಳ ಚನ್ನಪಟ್ಟಣದ ಅಡುಗೆ ಸೆಟ್, ಇನ್ನೂ ದಿನಾ ಆಡ್ತಿದ್ದಿದ್ದೇ, ಪಕ್ಕದ ಬಿಲ್ಡಿಂಗ್ ವಾಚ್‌ಮನ್ ಮಗಳಿಗೆ ಕೊಡ್ತೀನಿ ಅಂದ್ಲು. ಒಲೆ, ಪಾತ್ರೆ, ಲಟ್ಟಣಿಗೆ ಎಲ್ಲಾ ಒರೆಸಿ ಡಬ್ಬಿಗೆ ತುಂಬಿದ್ಲು, ಹಳದಿ ಸೌಟು ಮಾತ್ರ ಒಳಗೆ ಹಾಕ್ತಾಳೆ, ತೆಗೀತಾಳೆ, ಕೊನೆಗೆ ತೆಗೆದು ಫ್ರಾಕ್ ಜೇಬಿಗೆ ಇಳಿಸಿದ್ಲು. ನಮ್ಮತ್ತೆ ಬಿಡ್ತಾರಾ, "ಅದೊಂದು ಯಾಕೆ ಇಟ್ಕೊಂಡ್ಯೇ, ಕೊಟ್ಬಿಡೇ, ಪಾಪ ಆ ಹುಡುಗಿ ಸೌಟಿಲ್ದೆ ಹೆಂಗೆ ಸಾರು ಬಡಿಸ್ತಾಳೆ" ಅಂದ್ರು. ನಾನು ಸುಮ್ನಿರಿ ಅತ್ತೆ ಅನ್ನೋಷ್ಟರಲ್ಲಿ ಇವಳೇ, "ಸಾರು ಬೇಕಾದಾಗ ನನ್ನ ಕರೀಲಿ ಅಜ್ಜಿ, ಸೌಟು ತಗೊಂಡು ನಾನೇ ಹೋಗ್ತೀನಿ" ಅಂದ್ಲು.